ಸಾವಯವಕ್ಕೆ ಸಬ್ಸಿಡಿ: ಯಾರಿಗೆ, ಎಷ್ಟು, ಯಾವ ಖಾತೆಗೆ?

ಈ ಸಲ ಬಂದ ಕಾಗದ, ವಾಟ್ಸಾಪ್ ಎಲ್ಲ ಸೇರಿ ಅರ್ಧಕ್ಕರ್ಧ ಸಾವಯವ ಸಬ್ಸಿಡಿ ಬಗ್ಗೆಯೇ. ಮಳೆಗೆ ತೋಟಕ್ಕೆ ಇಳಿಲಿಕ್ಕಾಗ್ದೆ ಜನ ಜಗಲಿಯಲ್ಲಿ ಫೋನ್ ಹಿಡ್ಕೊಂಡು ಕೂತಿದ್ದಾರೆ ಅಂತ ಕಾಣ್ತದೆ. ಒಂದೇ ನಮೂನೆಯದ್ದನ್ನೆಲ್ಲ ಒಟ್ಟು ಮಾಡಿದ್ದೇನೆ, ಹೆಸರು ಹಾಕ್ಬೇಡಿ ಅಂತ ಹೇಳಿದವರೇ ಜಾಸ್ತಿ ಇದ್ದದ್ರಿಂದ ಎಲ್ರದ್ದೂ ಊರು ಮಾತ್ರ ಹಾಕಿದೆ.

ಪ್ರಶ್ನೆ (ಹೆಬ್ರಿ): ನಮ್ದು ಎರಡೂವರೆ ಎಕರೆ. ಅಡಿಕೆ, ತೆಂಗು, ಸ್ವಲ್ಪ ಗದ್ದೆ. ಅಪ್ಪನ ಕಾಲದಿಂದ ಹಟ್ಟಿಗೊಬ್ಬರ, ಸೊಪ್ಪು, ಸುಡುಮಣ್ಣು ಬಿಟ್ರೆ ಬೇರೆ ಎಂತದೂ ಹಾಕಿದವರಲ್ಲ. ಸಾವಯವದವರಿಗೆ ಎಕರೆಗೆ ಇಷ್ಟು ಅಂತ ಪ್ರತಿ ವರ್ಷ ಸರ್ಕಾರ ಕೊಡ್ತದೆ ಅಂತ ಕೇಳಿ ಹೋದ್ರೆ, ನಿಮ್ಗೆ ಈಗ ಎಂತ ಇಲ್ಲ ಅಂದ್ರು. ನಿಜವಾ?

ಉತ್ತರ: ನಿಜ ಮಾರಾಯ್ರೆ, ಮತ್ತೆ ಈ ನಿಜ ಹೇಳ್ಲಿಕ್ಕೆ ನಂಗೂ ಬೇಜಾರೇ. ನಮ್ಮಲ್ಲಿ ಸರ್ಕಾರ ದುಡ್ಡು ಕೊಡುದು ಸಾವಯವ ಆಗ್ಲಿಕ್ಕೆ, ಸಾವಯವ ಆಗಿ ಇದ್ದದ್ದಕ್ಕೆ ಅಲ್ಲ. ಇದೊಂದು ತಲೆಗೆ ಹೋದ್ರೆ ಬಾಕಿ ಎಲ್ಲ ರೂಲ್ಸು ಯಾಕೆ ಹಾಗುಂಟು ಅಂತ ಅರ್ಥ ಆಗ್ತದೆ.

ದೊಡ್ಡ ಯೋಜನೆ ಹೇಳಿದ್ರೆ ಪರಂಪರಾಗತ ಕೃಷಿ ವಿಕಾಸ ಯೋಜನೆ, 2015ರಲ್ಲಿ ಶುರುವಾದದ್ದು, ಖರ್ಚಲ್ಲಿ ಕೇಂದ್ರದ್ದು 60 ಪಾಲು ರಾಜ್ಯದ್ದು 40 ಪಾಲು. ಸುರುವಿಗೆ ಮೂರು ವರ್ಷಕ್ಕೆ ಹೆಕ್ಟೇರಿಗೆ 50,000 ಅಂತ ಇತ್ತು, 2022ರ ನಂತರದ ಲೆಕ್ಕದಲ್ಲಿ ಅದು 31,500ಕ್ಕೆ ಇಳಿದಿದೆ. ಈಗ ಆ 31,500 ನೋಡಿ ಖುಷಿಪಡ್ಲಿಕ್ಕೆ ಹೋಗ್ಬೇಡಿ, ಅದ್ರಲ್ಲಿ ನಿಮ್ಮ ಖಾತೆಗೆ ಸೀದಾ ಬರುದು ಗೊಬ್ಬರ, ಜೀವಾಮೃತ ಇಂಥಾದ್ದಕ್ಕೆ ಅಂತ 15,000 ಮಾತ್ರ. ಉಳಿದದ್ರಲ್ಲಿ 9,000 ಟ್ರೈನಿಂಗಿಗೆ, 4,500 ಪ್ಯಾಕಿಂಗು ಮಾರ್ಕೆಟಿಂಗಿಗೆ, 3,000 ಸರ್ಟಿಫಿಕೇಟು ಮತ್ತೆ ವಿಷದ ಅಂಶ ಟೆಸ್ಟ್ ಮಾಡಿಸ್ಲಿಕ್ಕೆ. 15,000ವನ್ನು ಎಕರೆಗೆ ಇಳಿಸಿ ಮೂರು ವರ್ಷಕ್ಕೆ ಹಂಚಿ ನೋಡಿ, ವರ್ಷಕ್ಕೆ ಎಕರೆಗೆ ಸುಮಾರು 2,000 ರೂಪಾಯಿ. ಅಡಿಕೆ ಮರ ಹತ್ತುವವರು ಒಂದು ದಿನ ಬಂದು ಹೋದ್ರೆ ಅದರ ಕತೆ ಮುಗೀತು. ಒಬ್ಬ ರೈತನಿಗೆ ಹೆಚ್ಚೆಂದ್ರೆ 2 ಹೆಕ್ಟೇರಿಗೆ ಅಷ್ಟೆ.

ಮತ್ತೆ ಅದು ಒಬ್ಬೊಬ್ಬರಿಗೆ ಸಿಗುದಲ್ಲ, ಗುಂಪಿಗೆ. ಒಂದು ಕಡೆ ಇಷ್ಟು ಹೆಕ್ಟೇರ್ ಅಂತ ಕ್ಲಸ್ಟರ್ ಮಾಡಿ ಅದ್ರೊಳಗೆ ಬಂದವರಿಗೆ. ನಿಮ್ಮ ಊರಲ್ಲಿ ಕ್ಲಸ್ಟರ್ ಇಲ್ಲದಿದ್ರೆ ನಿಮ್ಮ ತೋಟ ಎಷ್ಟು ಚಂದ ಇದ್ರೂ ಪ್ರಯೋಜನ ಇಲ್ಲ, ಆಫೀಸಿನವರು ಇಲ್ಲ ಅಂದದ್ದು ಇದನ್ನೇ ಆಗಿರ್ಬೇಕು, ಪಾಪ ಬಿಡಿಸಿ ಹೇಳ್ಲಿಲ್ಲ ಅಷ್ಟೆ. 2024ರ ನವೆಂಬರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟ ನೈಸರ್ಗಿಕ ಕೃಷಿ ಮಿಷನ್ ಉಂಟಲ್ಲ, ಒಟ್ಟು 2,481 ಕೋಟಿಯದ್ದು, ಅದೂ ಹಾಗೆಯೇ, 15,000 ಕ್ಲಸ್ಟರ್ ಮಾಡ್ತೇವೆ ಅಂತ. ಅದ್ರಲ್ಲಿ ಎಕರೆಗೆ ವರ್ಷಕ್ಕೆ 4,000, ಎರಡು ವರ್ಷ, ಒಬ್ಬರಿಗೆ ಒಂದೇ ಎಕರೆ. ಹಳ್ಳಿಯಲ್ಲಿ ಹೇಳಿಕೊಡ್ಲಿಕ್ಕೆ ಕೃಷಿ ಸಖಿ ಅಂತ ಹೆಂಗಸರನ್ನು ತಯಾರು ಮಾಡ್ತಾರೆ. ನಿಮ್ಮ ಪಂಚಾಯತಲ್ಲಿ ಅವರು ಇದ್ದಾರಾ ಕೇಳಿ, ಇದ್ರೆ ಕ್ಲಸ್ಟರ್ ಬಂದಿರ್ಲೂ ಸಾಕು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳುವಾಗ ಸಾವಯವ ಸಬ್ಸಿಡಿ ಉಂಟಾ ಅಂತ ಕೇಳ್ಬೇಡಿ, ಯಾವ ಗ್ರಾಮದಲ್ಲಿ ಈ ವರ್ಷ ಕ್ಲಸ್ಟರ್ ಅಂತ ಕೇಳಿ. ಮೊದಲಿನ ಪ್ರಶ್ನೆಗೆ ಇಲ್ಲ ಅಂತ ತಲೆ ಆಡಿಸಿ ಕಳಿಸ್ಬಹುದು, ಎರಡನೇದಕ್ಕೆ ಫೈಲ್ ತೆಗೀಲೇಬೇಕಾಗ್ತದೆ.

2004ರಲ್ಲೇ ಸಾವಯವ ಕೃಷಿ ನೀತಿ ತಂದ ರಾಜ್ಯ ನಮ್ದು, ಮತ್ತೆ ಸಾವಯವ ಭಾಗ್ಯ ಅಂತ ಬಂತು, ಹೋಬಳಿ ಲೆಕ್ಕದಲ್ಲಿ ಗುಂಪು ಮಾಡಿದ್ರು. ಒಂದೊಂದು ಯೋಜನೆ ಬಂದಾಗ್ಲೂ ಹೊಸ ಗುಂಪು, ಹೊಸ ರಿಜಿಸ್ಟರ್, ಹೊಸ ಗ್ರೂಪ್ ಫೋಟೋ. ನಿಮ್ಮ ಅಪ್ಪನಂಥವರು ಯಾವ ಫೋಟೋದಲ್ಲೂ ಇಲ್ಲ.

ಪ್ರಶ್ನೆ (ಬ್ರಹ್ಮಾವರ): ಗುಂಪಲ್ಲಿ ಇದ್ದೇನೆ. ಎಲ್ರಿಗೂ ಮೊದಲ ಕಂತು ಬಂತು, ನಂಗೆ ಬರ್ಲಿಲ್ಲ. ಆಫೀಸಲ್ಲಿ ಕೇಳಿದ್ರೆ ನಿಮ್ಗೆ ಹೋಗಿ ಆಗಿದೆ, ಸಕ್ಸಸ್ ತೋರಿಸ್ತದೆ ಅಂತಾರೆ. ಪಾಸ್‌ಬುಕ್ಕಲ್ಲಿ ಎಂತದೂ ಇಲ್ಲ. ಯಾರೋ ತಿಂದ್ರಾ?

ಉತ್ತರ: ತಿಂದಿರ್ಲಿಕ್ಕಿಲ್ಲ, ಕೂಡ್ಲೆ ಹಾಗೆ ಬೊಬ್ಬೆ ಹಾಕ್ಬೇಡಿ. ನಂಗೂ ಇದೇ ಆಗಿತ್ತು, ಸ್ವಲ್ಪ ಉದ್ದ ಆದ್ರೂ ಹೇಳ್ತೇನೆ ಯಾಕಂದ್ರೆ ಹತ್ತರಲ್ಲಿ ನಾಲ್ಕು ಜನ್ರ ಕತೆ ಇದೇ ಇರ್ತದೆ.

ನಾನು ಅರ್ಜಿಗೆ ಕೊಟ್ಟದ್ದು ದಿನಾ ವ್ಯವಹಾರ ಮಾಡುವ ಖಾತೆಯ ಪಾಸ್‌ಬುಕ್ ಜೆರಾಕ್ಸು. ಮೂರು ತಿಂಗಳು ಕಾದೆ. ಪಾಸ್‌ಬುಕ್ಕನ್ನು ಎಂಟ್ರಿ ಮಾಡುವ ಮೆಷಿನಿಗೆ ಹಾಕುದು ತೆಗಿಯುದು, ಹಾಲಿನ ದುಡ್ಡು ಬಿಟ್ರೆ ಬೇರೆ ಎಂತ ಇಲ್ಲ. ಗುಂಪಿನ ಮೀಟಿಂಗಲ್ಲಿ ಸ್ವಲ್ಪ ಜೋರೂ ಮಾಡಿದೆ, ಈಗ ನೆನೆಸಿದ್ರೆ ನಾಚಿಕೆ ಆಗ್ತದೆ. ಮತ್ತೆ ಒಂದಿನ ಸೈಬರ್ ಸೆಂಟರಿನ ಹುಡುಗ ಆಧಾರಿನ ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ತೆಗ್ದು ತೋರಿಸಿದ, ಅದ್ರಲ್ಲಿ ಬರ್ದ ಬ್ಯಾಂಕಿನ ಹೆಸರು ನೋಡಿ ನಂಗೆ ಅರೆ ಇದ್ಯಾವುದು ಅಂತಾಯ್ತು. ಗ್ಯಾಸ್ ಸಬ್ಸಿಡಿಗೆ ಅಂತ ಹಿಂದೆ ಯಾವಾಗ್ಲೋ ತೆಗ್ದ ಖಾತೆ, ಪಾಸ್‌ಬುಕ್ ಎಲ್ಲುಂಟು ಅಂತಲೇ ಗೊತ್ತಿರ್ಲಿಲ್ಲ. ಕೊನೆಗೆ ಮನೆಯವಳು ಅಕ್ಕಿ ಡಬ್ಬದ ಅಡಿಯಿಂದ ಹುಡುಕಿ ತೆಗ್ದಳು, ಒಂದು ಮೂಲೆ ಇಲಿ ತಿಂದಿತ್ತು. ಆ ಶಾಖೆಗೆ ಹೋದ್ರೆ ಸಬ್ಸಿಡಿ ಬಂದು ಎರಡೂವರೆ ತಿಂಗಳು ಆಗಿತ್ತು, ಆದ್ರೆ ವರ್ಷಗಟ್ಟಲೆ ಮುಟ್ಟದ ಖಾತೆ ಅಂತ ಅದನ್ನು ನಿಲ್ಲಿಸಿ ಇಟ್ಟಿದ್ರು, ಪುನಃ ಕೆವೈಸಿ, ಪುನಃ ಫೋಟೋ, ಪುನಃ ಆಧಾರ್ ಜೆರಾಕ್ಸು, ಮ್ಯಾನೇಜರ್ ರಜೆ, ನಾಳೆ ಬನ್ನಿ. ಒಟ್ಟು ನಾಲ್ಕು ಸಲ ಹೋದೆ. ಬಸ್ಸಿನ ದುಡ್ಡು ಕಳೆದು ಉಳಿದದ್ದು ನನ್ನ ಸಬ್ಸಿಡಿ.

ವಿಷಯ ಎಂತದ್ದು ಹೇಳಿದ್ರೆ, ಈ ಡಿಬಿಟಿ ದುಡ್ಡು, ಅಂದ್ರೆ ಸರ್ಕಾರ ಸೀದಾ ಖಾತೆಗೆ ಹಾಕುವ ದುಡ್ಡು, ಅರ್ಜಿಯಲ್ಲಿ ಬರ್ದ ಖಾತೆ ನಂಬರ್ ನೋಡಿ ಹೋಗುದಲ್ಲ, ನಿಮ್ಮ ಆಧಾರ್ ನಂಬರಿಗೆ ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಮ್ಯಾಪಲ್ಲಿ ಕೊನೆಗೆ ಯಾವ ಬ್ಯಾಂಕು ಜೋಡಿಸಿದೆಯೋ ಅಲ್ಲಿಗೆ ಹೋಗುದು. ಬ್ಯಾಂಕಲ್ಲಿ ಆಧಾರ್ ಕೊಟ್ಟಿದ್ದೇನಲ್ಲ ಅಂತ ಎಲ್ರೂ ಹೇಳ್ತಾರೆ. ಆಧಾರ್ ಲಿಂಕ್ ಬೇರೆ, ಡಿಬಿಟಿಗೆ ಸೀಡಿಂಗ್ ಬೇರೆ, ಎರಡನೇದಕ್ಕೆ ಬೇರೆಯೇ ಒಪ್ಪಿಗೆ ಫಾರ್ಮ್ ಕೊಡ್ಬೇಕು. ನಮ್ಮ ಕಡೆ ಇನ್ನೊಂದು ರಗಳೆ ಉಂಟು. ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟು ಕಾರ್ಪೊರೇಷನ್ನು ಎರಡೂ 2020ರಲ್ಲಿ ಬೇರೆ ಬ್ಯಾಂಕುಗಳ ಒಳಗೆ ಹೋದ್ವು, ಮೂರೂ ನಮ್ಮ ಜಿಲ್ಲೆಗಳಲ್ಲೇ ಹುಟ್ಟಿದ್ದು, ಹಾಗಾಗಿ ಪ್ರತಿ ಮನೆಯಲ್ಲೂ ಹಳೆ ಹೆಸರಿನ ಪಾಸ್‌ಬುಕ್ ಒಂದಾದ್ರೂ ಇರ್ತದೆ, ಐಎಫ್‌ಎಸ್‌ಸಿ ಬದಲಾದದ್ದು ಅಜ್ಜ ಅಜ್ಜಿಯಂದಿರಿಗೆ ಯಾರೂ ಹೇಳಿರುದಿಲ್ಲ. ಮೊದ್ಲು ಸೀಡಿಂಗ್ ಸ್ಟೇಟಸ್ ನೋಡಿ, ಎರಡು ನಿಮಿಷದ ಕೆಲಸ. ಆಮೇಲೆ ರೈತರ ಹೆಸರು ನೋಂದಾಯಿಸುವ ಫ್ರೂಟ್ಸ್ ಸೈಟಲ್ಲಿ ನಿಮ್ಮ ಎಫ್‌ಐಡಿ, ಅಂದ್ರೆ ರೈತ ಗುರುತಿನ ನಂಬರ್, ತೆಗ್ಸಿ, ಹೆಸರಿನ ಸ್ಪೆಲ್ಲಿಂಗ್ ಆಧಾರಿನ ಹಾಗೆಯೇ ಉಂಟಾ, ಸರ್ವೆ ನಂಬರೆಲ್ಲ ಸೇರಿದೆಯಾ ಅಂತ ನೋಡಿ. ಇಷ್ಟು ಮಾಡಿದ ಮೇಲೂ ಇಲ್ಲದಿದ್ರೆ ಆಗ ಬೊಬ್ಬೆ ಹಾಕುವ, ನಾನೂ ಬರ್ತೇನೆ.

ಪ್ರಶ್ನೆ (ಮೂಡುಬಿದಿರೆ): ಸಾವಯವ ಗುಂಪಿಗೆ ಸೇರಿದ್ರೆ ಅಡಿಕೆಗೆ ಮದ್ದು ಬಿಡ್ಲಿಕ್ಕಿಲ್ಲ ಅಂತ ಹೇಳ್ತಾರೆ. ಕೊಳೆರೋಗ ಬಂದ್ರೆ 2,000 ರೂಪಾಯಿ ಸಬ್ಸಿಡಿಗೆ ಫಸಲೇ ಕಳ್ಕೊಳ್ಳುದಾ?

ಉತ್ತರ: ಯಾರು ಹೇಳಿದ್ದು? ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ ಸಾವಯವದಲ್ಲಿ ಪೂರ್ತಿ ನಿಷೇಧ ಅಲ್ಲ. ತಾಮ್ರದ ಮದ್ದುಗಳನ್ನು ನಿರ್ಬಂಧಿತ ಪಟ್ಟಿಯಲ್ಲಿ ಇಟ್ಟಿದ್ದಾರೆ. ನಿರ್ಬಂಧಿತ ಹೇಳಿದ್ರೆ ಬಿಡ್ಬಾರ್ದು ಅಂತ ಅಲ್ಲ, ಬೇಕಾಬಿಟ್ಟಿ ಬಿಡ್ಬಾರ್ದು, ಯಾಕೆ ಬಿಟ್ರಿ ಎಷ್ಟು ಬಿಟ್ರಿ ಅಂತ ಪುಸ್ತಕದಲ್ಲಿ ಬರ್ದಿಡ್ಬೇಕು ಅಂತ. ತಾಮ್ರ ಮಣ್ಣಲ್ಲಿ ಸೇರ್ತಾ ಹೋಗ್ತದೆ, ಎಲ್ಲಿಗೂ ಹೋಗುದಿಲ್ಲ, ಎರೆಹುಳಕ್ಕೆ ಅದು ಆಗುದಿಲ್ಲ, ಹಾಗಾಗಿ ಆ ಹಿಡಿತ ನಂಗೂ ಸರಿ ಅಂತಲೇ ಕಾಣ್ತದೆ.

ಆದ್ರೆ ನಮ್ಮಲ್ಲಿ ಬಿಡುವ ಕ್ರಮ ಉಂಟಲ್ಲ ಅದು ಸರಿಯಾಗ್ಬೇಕು. ಲೆಕ್ಕ ಎಲ್ರಿಗೂ ಬಾಯಿಪಾಠ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು 1 ಕೆಜಿ ಸುಣ್ಣ. ನಮ್ಮನೆಗೆ ಮದ್ದು ಬಿಡ್ಲಿಕ್ಕೆ ಬರ್ತಿದ್ದವರು ಒಬ್ರಿದ್ರು, ಅವ್ರು ಅಳತೆಯೇ ಮಾಡ್ತಿರ್ಲಿಲ್ಲ, ಬ್ಯಾರಲ್‌ನೊಳಗೆ ನೋಡಿ ಬಣ್ಣ ಬಂತು ಅಂತ ಹೇಳುದು. ಒಂದು ಸಲ ನಾನು ಅಡುಗೆಮನೆಯ ಕಬ್ಬಿಣದ ಚೂರಿ ತಂದು ಅದ್ದಿ ಹಿಡ್ದೆ, ತೆಗ್ದು ನೋಡಿದ್ರೆ ಚೂರಿ ಮೈಗೆ ಕೆಂಪು ಕೆಂಪು ತಾಮ್ರ ಹತ್ತಿಕೊಂಡಿತ್ತು. ಹಾಗೆ ಹತ್ತಿದ್ರೆ ಸುಣ್ಣ ಸಾಲ್ಲಿಲ್ಲ ಅಂತ, ಆ ನೀರು ಬಿಟ್ರೆ ಎಳೆ ಕಾಯಿ ಸಿಂಗಾರ ಸುಟ್ಟು ಹೋಗ್ತದೆ. ಪುನಃ ಸುಣ್ಣದ ತಿಳಿ ಹಾಕಿ ಹಾಕಿ ಚೂರಿ ಬೆಳ್ಳಗೆ ಬರುವವರೆಗೆ ನಿಂತೆ. ಅವ್ರು ಏಣಿ ಹಿಡ್ಕೊಂಡು ನಗ್ತಾ ಇದ್ರು, ನೀವೆಂತ ಡಾಕ್ಟ್ರಾ ಅಂತ. ಆ ಚೂರಿಯಲ್ಲಿ ಮತ್ತೆ ತರಕಾರಿ ಕೊಯ್ಲಿಕ್ಕೆ ಮನೆಯಲ್ಲಿ ಬಿಡ್ಲಿಲ್ಲ, ಅದು ಈಗ್ಲೂ ಪಂಪ್‌ಶೆಡ್ಡಲ್ಲಿ ಉಂಟು.

ನೀವು ಹೆದರ್ಬೇಕಾದ್ದು ಕೊಳೆರೋಗಕ್ಕಲ್ಲ, ಎಲೆಚುಕ್ಕಿಗೆ. ಅದಕ್ಕೆ ಶಿಫಾರಸು ಮಾಡುವ ಪ್ರೊಪಿಕೊನಜೋಲ್, ಟೆಬುಕೊನಜೋಲ್ ಎಲ್ಲ ಪಕ್ಕಾ ರಾಸಾಯನಿಕ, ಒಂದು ಸಲ ಬಿಟ್ರೂ ನಿಮ್ಮ ಮೂರು ವರ್ಷದ ಲೆಕ್ಕ ಸೊನ್ನೆಯಿಂದ ಶುರು. ಅಡಿಕೆ ತೆಂಗು ಕಾಳುಮೆಣಸು ಎಲ್ಲ ಬಹುವಾರ್ಷಿಕ ಬೆಳೆ ಆದ್ದರಿಂದ ಪರಿವರ್ತನೆ ಅವಧಿ 3 ವರ್ಷ, ಭತ್ತ ತರಕಾರಿಗೆ 2 ವರ್ಷ. ನಿಮ್ಮ ತೋಟದಲ್ಲಿ ಎಲೆಚುಕ್ಕಿ ಈಗಾಗ್ಲೇ ಜೋರುಂಟಾದ್ರೆ ಈ ವರ್ಷ ಗುಂಪಿಗೆ ಸೇರ್ಬೇಡಿ ಅಂತಲೇ ನಾನು ಹೇಳುದು. ಬಿದ್ದ ಸೋಗೆ ತೆಗ್ದು ಸುಡಿ, ನೀರು ಬಸಿಯುವ ಕಣಿ ಸರಿ ಮಾಡಿ, ತೋಟ ಸ್ವಲ್ಪ ಸುಧಾರಿಸ್ಲಿ. ಸಬ್ಸಿಡಿಗೆ ಹೆಸರು ಕೊಟ್ಟು ರಾತ್ರಿ ಹೋಗಿ ಮದ್ದು ಬಿಡುವವರೂ ಇದ್ದಾರೆ, ಆ ಸಾಲಿಗೆ ಸೇರುದು ಬೇಡ. ಮತ್ತೆ ಮೂರು ವರ್ಷದ ಪರಿವರ್ತನೆಯ ತಮಾಷೆ ಗಮನಿಸಿದ್ರಾ, ಸರ್ಟಿಫಿಕೇಟ್ ಕೈಗೆ ಬರುವ ಹೊತ್ತಿಗೆ ಸಬ್ಸಿಡಿಯೂ ಮುಗಿಯುದು. ಪೇಪರಲ್ಲಿ ಸಾವಯವ ಆದ ದಿನದಿಂದ ನೀವು ಹೆಬ್ರಿಯವರ ಪಕ್ಕ ಕೂತ್ಕೊಳ್ಳುದು.

ಪ್ರಶ್ನೆ (ಕಿನ್ನಿಗೋಳಿ): ಪಹಣಿ ಅಜ್ಜಿಯ ಹೆಸರಲ್ಲಿ, ಮತ್ತೆ ಏಳು ಜನ್ರ ಹೆಸರು ಜಂಟಿ. ಮೂವರು ಮುಂಬೈ, ಒಬ್ರು ದುಬೈ. ತೋಟ ಮಾಡುದು ನಾನು. ಸಬ್ಸಿಡಿ ನಂಗೆ ಸಿಗ್ತದಾ? ಕುಮ್ಕಿಯಲ್ಲೂ ಅರ್ಧ ಎಕರೆ ಗೇರು ಉಂಟು.

ಉತ್ತರ: ಈ ಪ್ರಶ್ನೆ ತುಳುನಾಡಲ್ಲಿ ಹುಟ್ಟಿದವರೇ ಕೇಳ್ಬೇಕು! ಬಯಲುಸೀಮೆಯ ಅಧಿಕಾರಿಗಳು ವರ್ಗಾವಣೆ ಆಗಿ ಬಂದ್ರೆ ನಮ್ಮ ಪಹಣಿ ಓದ್ಲಿಕ್ಕೇ ಅವ್ರಿಗೆ ಆರು ತಿಂಗಳು ಬೇಕು.

ತೋಟ ಯಾರು ಮಾಡ್ತಾರೆ ಅಂತ ಕಂಪ್ಯೂಟರ್ ನೋಡುದಿಲ್ಲ, ಪಹಣಿಯಲ್ಲಿ ಹೆಸರು ಯಾರದ್ದು ಅಂತ ನೋಡ್ತದೆ. ನಿಮ್ಮ ಹೆಸರು ಆ ಏಳರಲ್ಲಿ ಒಂದಾಗಿದ್ರೆ ಉಳಿದವರ ಒಪ್ಪಿಗೆ ಪತ್ರ ತರ್ಲಿಕ್ಕೆ ಹೇಳ್ತಾರೆ. ಮುಂಬೈಯವರು ಮೇ ತಿಂಗಳಲ್ಲಿ ಕೋಲಕ್ಕೋ ಮದುವೆಗೋ ಊರಿಗೆ ಬಂದೇ ಬರ್ತಾರಲ್ಲ, ಅಜ್ಜಿ ಎದುರೇ ಸೈನ್ ಮಾಡಿಸಿ ಇಟ್ಕೊಳ್ಳಿ, ಊಟ ಆದ ಮೇಲೆ ಕೇಳಿ, ಮೊದ್ಲು ಬೇಡ. ಇದು ಪಾಲು ಬಿಟ್ಟುಕೊಡುದಲ್ಲ ಬರೀ ಯೋಜನೆಗೆ ಒಪ್ಪಿಗೆ ಅಂತ ಪತ್ರದಲ್ಲೇ ಬರ್ದು ತೋರಿಸಿ, ಇಲ್ಲದಿದ್ರೆ 4,000 ರೂಪಾಯಿಗೆ ಹೋಗಿ ಕುಟುಂಬವೇ ಕೋರ್ಟಲ್ಲಿ ಕೂತೀತು. ನಿಮ್ಮ ಹೆಸರೇ ಇಲ್ಲದಿದ್ರೆ ಅಜ್ಜಿಯ ಎಫ್‌ಐಡಿಯಲ್ಲಿ ಅಜ್ಜಿಯನ್ನೇ ಸದಸ್ಯೆ ಮಾಡುದು ಸುಲಭ. ದುಡ್ಡು ಅಜ್ಜಿಯ ಖಾತೆಗೆ ಬರ್ತದೆ, ಅದ್ರಲ್ಲಿ ನಿಮ್ಗೆ ಸಿಗುದೆಷ್ಟು ಅಂತ ಅಜ್ಜಿಯನ್ನೇ ಕೇಳಿ.

ಕುಮ್ಕಿ ಮರ್ತು ಬಿಡಿ. ಕದೀಮ್ ವರ್ಗದ, ಅಂದ್ರೆ ಹಳೆ ಪಟ್ಟಾ ಜಮೀನಿನ, ಗಡಿಯಿಂದ 100 ಗಜದೊಳಗಿನ ಸರ್ಕಾರಿ ಜಾಗ ಅದು, ಸೊಪ್ಪು ಸೌದೆ ತೆಗಿಲಿಕ್ಕೆ, ದನ ಮೇಯಿಸ್ಲಿಕ್ಕೆ ನಮ್ಗೆ ಹಕ್ಕು ಅಷ್ಟೆ, ಪಹಣಿಯಲ್ಲಿ ಸರ್ಕಾರ ಅಂತಲೇ ಬರುದು. ಕಾಗದದ ಪ್ರಕಾರ ಆ ಗೇರು ನಿಮ್ದಲ್ಲ. ಆದ್ರೆ ಕುಮ್ಕಿಯ ಸೊಪ್ಪು ತರಗೆಲೆ ತಂದು ಹಟ್ಟಿಗೆ ಹಾಕ್ತೀರಲ್ಲ, ಗೊಬ್ಬರದ ಮೂಲ ಅಂತ ಗುಂಪಿನ ಪುಸ್ತಕದಲ್ಲಿ ಬರಿರಿ, ಅದಕ್ಕೆ ಅಡ್ಡಿಯಿಲ್ಲ.

ಪ್ರಶ್ನೆ (ಕದ್ರಿ, ಮಂಗಳೂರು): ಐದು ಸೆಂಟ್ಸ್ ಜಾಗದ ಮನೆ, ತಾರಸಿಯಲ್ಲಿ ಬಸಳೆ, ಬೆಂಡೆ, ಹರಿವೆ ಎಲ್ಲ ಮಾಡ್ತೇನೆ. ನಂಗೂ ಉಂಟಾ?

ಉತ್ತರ: ಮೇಲೆ ಹೇಳಿದ ಎರಡ್ರಲ್ಲೂ ಇಲ್ಲ ಅಕ್ಕ. ಬಸಳೆ ಚೆನ್ನಾಗಿ ಬಂದಿದ್ರೆ ಪಕ್ಕದ ಮನೆಯವರಿಗೆ ಕೊಡಿ.

ಪ್ರಶ್ನೆ (ಮಣಿಪಾಲ): ಮಗಳು ಜರ್ಮನಿಯಲ್ಲಿದ್ದಾಳೆ. ಅಲ್ಲಿ ಸಾವಯವ ರೈತರಿಗೆ ಪ್ರತಿ ವರ್ಷ ಹೆಕ್ಟೇರ್ ಲೆಕ್ಕದಲ್ಲಿ ದುಡ್ಡು ಬರ್ತದಂತೆ, ಬದಲಾಗ್ಲಿಕ್ಕೆ ಬೇರೆ, ಬದಲಾದ ಮೇಲೆ ಉಳಿಸ್ಕೊಳ್ಲಿಕ್ಕೆ ಬೇರೆ. ಇಲ್ಲಿ ಯಾಕೆ ಆಗುದಿಲ್ಲ?

ಉತ್ತರ: ಮಗಳು ಹೇಳಿದ್ದು ಸರಿ. ಯುರೋಪಿನ ಒಕ್ಕೂಟದ ಕೃಷಿ ನೀತಿಯಲ್ಲಿ ಪರಿವರ್ತನೆಗೂ ದುಡ್ಡುಂಟು, ಮುಂದುವರಿಸ್ಲಿಕ್ಕೂ ಉಂಟು, ರೇಟು ಒಂದೊಂದು ದೇಶಕ್ಕೆ ಒಂದೊಂದು. 2030ಕ್ಕೆ ಕೃಷಿ ಭೂಮಿಯ 25 ಪರ್ಸೆಂಟ್ ಸಾವಯವ ಆಗ್ಬೇಕು ಅಂತ ಅವ್ರು 2020ರಲ್ಲೇ ಗುರಿ ಇಟ್ಟಿದ್ದಾರೆ. ಅಲ್ಲಿಯ ವಾದ ಇಷ್ಟೆ, ರೈತ ನೀರು ಹಾಳು ಮಾಡದೆ, ಮಣ್ಣು ಕೊಲ್ಲದೆ ಬೆಳೆದ್ರೆ ಊರಿಗೆಲ್ಲ ಲಾಭ, ಆ ಲಾಭಕ್ಕೆ ಪ್ರತಿ ವರ್ಷ ದುಡ್ಡು ಕೊಡ್ಬೇಕು ಅಂತ. ನಮ್ಮಲ್ಲಿ ಸಾವಯವ ಹೇಳಿದ್ರೆ ಮಾರ್ಕೆಟಲ್ಲಿ ರೇಟು ಜಾಸ್ತಿ ಸಿಗ್ತದೆ, ಮೂರು ವರ್ಷ ಕೈ ಹಿಡಿದ್ರೆ ಸಾಕು ಮತ್ತೆ ಅವ್ನೇ ನಡೀತಾನೆ ಅಂತ ಲೆಕ್ಕ. ಆ ಜಾಸ್ತಿ ರೇಟು ಅಡಿಕೆಗೆ ಎಲ್ಲಿ ಸಿಗ್ತದೆ ಅಂತ ಗೊತ್ತಿದ್ದವರು ನಂಗೆ ಹೇಳಿ. ಒಣಗಿಸಿ ಸುಲಿದ ಚಾಲಿ ಅಡಿಕೆ ಹೇಗೆ ಬೆಳೆದ್ರೂ ಚಾಲಿಯೇ, ಅಂಗಡಿಯವರು ಕೈಯಲ್ಲಿ ಹಿಡ್ದು ಕತ್ತರಿಸಿ ನೋಡುದು ಪಟೋರ, ಅಂದ್ರೆ ಕಳಪೆ ಅಡಿಕೆ, ಉಂಟಾ ಅಂತ, ಮದ್ದು ಬಿಟ್ಟಿದ್ದೀರಾ ಅಂತ ಅಲ್ಲ.

ಆದ್ರೆ ಅಲ್ಲಿಯದ್ದೂ ಎಲ್ಲ ಚಂದ ಅಂತ ತಿಳ್ಕೊಳ್ಬೇಡಿ. ಹೆಕ್ಟೇರಿಗೆ ಇಷ್ಟು ಅಂತ ಕೊಟ್ಟ ಮೇಲೆ ಜಾಸ್ತಿ ಹೆಕ್ಟೇರ್ ಇದ್ದವನಿಗೆ ಜಾಸ್ತಿ ಹೋಗುದೇ, ಯುರೋಪಿನ ನೇರ ಪಾವತಿಯಲ್ಲಿ ಸುಮಾರು 80 ಪರ್ಸೆಂಟ್ ದುಡ್ಡು 20 ಪರ್ಸೆಂಟ್ ರೈತರಿಗೆ ಹೋಗ್ತದೆ ಅಂತ ಅವ್ರೇ ಒಪ್ಪಿಕೊಳ್ಳುವ ಮಾತು. ಅಲ್ಲಿ ಒಂದು ಫಾರ್ಮು ಸರಾಸರಿ 17 ಹೆಕ್ಟೇರ್, ನಮ್ಮ ದೇಶದ್ದು 2015-16ರ ಕೃಷಿ ಗಣತಿ ಪ್ರಕಾರ 1.08 ಹೆಕ್ಟೇರ್. ಅದೇ ಪದ್ಧತಿ ತಂದ್ರೆ ನಮ್ಮ ಹೆಬ್ರಿಯವರಿಗೆ ಕಾಫಿ ಕುಡಿವಷ್ಟು ಬಂದೀತು.

ಇಲ್ಲಿ ದುಡ್ಡೇ ಇಲ್ಲ ಅಂತಲೂ ಅಲ್ಲ. 45 ಕೆಜಿ ಯೂರಿಯಾ ಗೋಣಿ ನಿಮ್ಗೆ 266 ರೂಪಾಯಿ ಚಿಲ್ಲರೆಗೆ ಸಿಗ್ತದೆ, ಅದರ ನಿಜವಾದ ಬೆಲೆ ಎಷ್ಟೋ ಪಟ್ಟು ಜಾಸ್ತಿ, ವ್ಯತ್ಯಾಸ ಸರ್ಕಾರ ಕಂಪನಿಗೆ ಕೊಡ್ತದೆ. ಆ ಸಬ್ಸಿಡಿಗೆ ಗುಂಪು ಬೇಡ, ಕ್ಲಸ್ಟರ್ ಬೇಡ, ಟ್ರೈನಿಂಗ್ ಬೇಡ, ಫೋಟೋ ಬೇಡ, ಹೆಬ್ಬೆಟ್ಟು ಒತ್ತಿ ಗೋಣಿ ಹೊತ್ತು ಬಂದ್ರಾಯ್ತು. ಹಟ್ಟಿಗೊಬ್ಬರ ಹಾಕುವವನಿಗೆ ಮಾತ್ರ ಇಷ್ಟು ಕಾಗದ. 2023ರಲ್ಲಿ ಸಗಣಿ, ಕಸದಿಂದ ಗ್ಯಾಸ್ ಮಾಡುವ ಗೋಬರ್‌ಧನ್ ಘಟಕದ ಸಾವಯವ ಗೊಬ್ಬರಕ್ಕೆ ಟನ್ನಿಗೆ 1,500 ಅಂತ ಸಹಾಯ ಮಾಡಿದ್ರು, ಒಳ್ಳೇದೇ, ಆದ್ರೆ ಅದೂ ಗೊಬ್ಬರ ಮಾರುವವರಿಗೆ. ನಿಮ್ಮ ಹಟ್ಟಿಯ ಹಿಂದಿನ ಗುಂಡಿಗೆ ಯಾರೂ ತೂಕ ಇಡುದಿಲ್ಲ.

ಪ್ರಶ್ನೆ (ಕಾರ್ಕಳ): ಸಾವಯವ ಸರ್ಟಿಫಿಕೇಟಿಗೆ ಪಿಜಿಎಸ್ ಅಂತ ರೈತರೇ ರೈತರನ್ನು ತಪಾಸಣೆ ಮಾಡುದಂತೆ. ಇದು ಎಷ್ಟು ಸರಿ? ಮತ್ತೆ ನಮ್ಮ ಗದ್ದೆಗೆ ಮೇಲಿನ ಗದ್ದೆಯಿಂದ ನೀರು ಬರುದು, ಅವ್ರು ಯೂರಿಯಾ ಹಾಕ್ತಾರೆ.

ಉತ್ತರ: ಎರಡು ದಾರಿ ಉಂಟು. ಒಂದು 2001ರಲ್ಲಿ ಶುರುವಾದ ಎನ್‌ಪಿಒಪಿ, ಹೊರಗಿನ ಸಂಸ್ಥೆ ಬಂದು ಪರೀಕ್ಷೆ ಮಾಡುದು, ವಿದೇಶಕ್ಕೆ ಕಳಿಸುದಾದ್ರೆ ಅದೇ ಬೇಕು, ಖರ್ಚು ಜಾಸ್ತಿ. ಇನ್ನೊಂದು ನೀವು ಹೇಳಿದ ಪಿಜಿಎಸ್, ಊರಿನ ಕನಿಷ್ಠ ಐದು ರೈತರು ಸೇರಿ ಒಬ್ಬರ ತೋಟ ಇನ್ನೊಬ್ಬರು ನೋಡಿ ಸಹಿ ಹಾಕುದು. ಪರಿವರ್ತನೆಯಲ್ಲಿ ಇರುವಾಗ ಗ್ರೀನ್, ಅವಧಿ ಮುಗಿದ ಮೇಲೆ ಆರ್ಗಾನಿಕ್.

ಸರಿಯಾ ಅಂತ ಕೇಳಿದ್ರೆ, ದಾಕ್ಷಿಣ್ಯ ಇಲ್ಲದ ಊರಲ್ಲಿ ಬಹಳ ಸರಿ. ನಮ್ಮ ಗುಂಪಿನ ಒಂದು ತಪಾಸಣೆ ಹೇಳ್ತೇನೆ. ಆಷಾಢದ ಮಳೆ, ಎಂಟು ಜನ ಕೊಡೆ ಹಿಡ್ಕೊಂಡು ಒಬ್ಬರ ತೋಟಕ್ಕೆ ಹೋದೆವು. ತೋಟ ಸುತ್ತುವ ಮೊದ್ಲೇ ಒಳಗೆ ಕರೆದು ಬಿಸಿ ಬಿಸಿ ಪತ್ರೊಡೆ, ಮೇಲಿಂದ ಒಂದು ಲೋಟ ಕಾಫಿ. ಆಮೇಲೆ ಹೊರಗೆ ಬಂದು ನೋಡಿದ್ರೆ ಬೇಲಿ ಬದಿಯ ಹುಲ್ಲು ಉದ್ದಕ್ಕೆ ಒಂದೇ ಬಣ್ಣದಲ್ಲಿ ಒಣಗಿ ನಿಂತಿದೆ, ಅತ್ತ ಇತ್ತ ಎಲ್ಲ ಹಸಿರು, ನಡುವೆ ಗೆರೆ ಎಳೆದ ಹಾಗೆ ಕಂದು. ಕಳೆಮದ್ದು ಬಿಟ್ಟದ್ದು ಕುರುಡನಿಗೂ ಗೊತ್ತಾಗ್ತದೆ. ಯಾರಾದ್ರೂ ಬಾಯಿ ಬಿಟ್ರಾ? ಎಂಟೂ ಜನ ಅಡಿಕೆ ಮರದ ತಲೆ ನೋಡ್ಲಿಕ್ಕೆ ಶುರು ಮಾಡಿದೆವು, ನಾನೂ ಸೇರಿ. ಪತ್ರೊಡೆ ಹೊಟ್ಟೆಯಲ್ಲಿ ಇರುವಾಗ ಹೇಗೆ ಹೇಳುದು? ಕೊನೆಗೆ ಗುಂಪಿನ ಒಬ್ಬ ಹಿರಿಯ ಹೆಂಗಸು ಮೆಲ್ಲಗೆ ಕೇಳಿದ್ರು, ಈ ವರ್ಷ ದನಗಳಿಗೆ ಹುಲ್ಲು ಬೇರೆ ಕಡೆಯಿಂದ ತರ್ತೀರಾ ಅಂತ. ಅಷ್ಟೆ ಕೇಳಿದ್ದು. ಮನೆಯ ಯಜಮಾನರ ಮುಖ ಕೆಂಪಾಯ್ತು, ಮಗ ಗೊತ್ತಿಲ್ದೆ ಬಿಟ್ಟದ್ದು ಅಂದ್ರು, ಆ ವರ್ಷ ಅವ್ರ ಫಾರ್ಮಿಗೆ ಸಹಿ ಬೀಳ್ಲಿಲ್ಲ. ಮುಂದಿನ ಮಳೆಗಾಲಕ್ಕೆ ಬೇಲಿ ಬದಿ ಕತ್ತಿಯಲ್ಲೇ ಸವರಿದ್ರು. ಹೊರಗಿನ ಇನ್ಸ್‌ಪೆಕ್ಟರ್ ಬಂದಿದ್ರೆ ಆ ಹುಲ್ಲು ನೋಡ್ತಿದ್ರೋ ಇಲ್ವೋ. ಹಾಗಾಗಿ ನನ್ನ ಅಭಿಪ್ರಾಯ, ಪತ್ರೊಡೆ ತಪಾಸಣೆ ಆದ ಮೇಲೆ ತಿನ್ಬೇಕು.

ನಿಮ್ಮ ನೀರಿನ ವಿಷಯ ಕಷ್ಟದ್ದು. ಬೈಲಿನ ಗದ್ದೆಗೆ ಮಜಲಿನಿಂದ, ಮಜಲಿಗೆ ಬೆಟ್ಟಿನಿಂದ ನೀರು ಇಳಿಯುದೇ ನಮ್ಮ ಲೆಕ್ಕ, ಯೂರಿಯಾ ಅದ್ರ ಜೊತೆ ಇಳೀತದೆ. ಮೇಲಿನವರು ಗೊಬ್ಬರ ಹಾಕುವ ದಿನ ನಿಮ್ಗೆ ಒಂದು ಮಾತು ಹೇಳ್ಲಿ, ನಾಲ್ಕೈದು ದಿನ ಆ ಕಡೆಯ ಕಂಡಿ ಕಟ್ಟಿ ನೀರು ತೋಡಿಗೆ ತಿರುಗಿಸಿ. ಗಡಿಯ ಒಂದು ಸಾಲು ಗದ್ದೆಯನ್ನು ಬಫರ್ ಅಂತ ಬಿಟ್ಟು ಅದರ ಅಕ್ಕಿ ಬೇರೆ ಇಡಿ, ಸಾವಯವ ಅಂತ ಮಾರ್ಬೇಡಿ. ಎಲ್ಲಕ್ಕಿಂತ ಒಳ್ಳೇದು ಮೇಲಿನವರನ್ನೇ ಗುಂಪಿಗೆ ಸೇರಿಸುದು. ಅವ್ರ ಜೊತೆ ಮಾತಿಲ್ಲ ಅಂತ ಕಾಗದದ ಕೊನೆಯಲ್ಲಿ ಬರ್ದಿದ್ದೀರಿ, ನೇಜಿ ನೆಡುವ ಸಮಯಕ್ಕೆ ಒಂದು ದಿನ ಕೆಲಸಕ್ಕೆ ಆಚೆ ಹೋಗಿ ನೋಡಿ, ಮಾತು ತನ್ನಷ್ಟಕ್ಕೆ ಬರ್ತದೆ.

ಪ್ರಶ್ನೆ (ಕಟಪಾಡಿ): ಮಟ್ಟುಗುಳ್ಳ ಬದನೆ ಬೆಳಿತೇನೆ, ರಾಸಾಯನಿಕ ಹಾಕುದಿಲ್ಲ. ಭಾನುವಾರ ನಾನೇ ಕೂತು ಮಾರುದು. ಸರ್ಟಿಫಿಕೇಟ್ ಇಲ್ದೆ ಸಾವಯವ ಅಂತ ಬೋರ್ಡ್ ಹಾಕಿದ್ರೆ ಕೇಸ್ ಆಗ್ತದಾ?

ಉತ್ತರ: ಸಣ್ಣ ರೈತ ತಾನು ಬೆಳೆದದ್ದನ್ನು ತಾನೇ ತಿನ್ನುವವರಿಗೆ ಸೀದಾ ಮಾರಿದ್ರೆ ಆಹಾರ ಸುರಕ್ಷತಾ ಪ್ರಾಧಿಕಾರದ ಸಾವಯವ ನಿಯಮದಲ್ಲಿ ವಿನಾಯಿತಿ ಉಂಟು, ವರ್ಷದ ವಹಿವಾಟು 12 ಲಕ್ಷದೊಳಗೆ ಇರ್ಬೇಕು. ಆದ್ರೆ ಜೈವಿಕ್ ಭಾರತ್ ಅಂತ ಸಾವಯವದ ಸರ್ಕಾರಿ ಮುದ್ರೆ ಹಾಕ್ಬಾರ್ದು, ಅಂಗಡಿಗೆ ಪ್ಯಾಕೆಟ್ ಮಾಡಿ ಕೊಡುವಾಗ ಸರ್ಟಿಫಿಕೇಟ್ ಬೇಕೇ ಬೇಕು. ಗುಳ್ಳದ ಮುಳ್ಳು ನೋಡಿಯೇ ತಗೊಳ್ಳುವ ಉಡುಪಿಯವರು ಬೋರ್ಡ್ ಓದ್ತಾರೆ ಅಂತ ನಂಗೇನೂ ಅನಿಸುದಿಲ್ಲ.

ಪ್ರಶ್ನೆ (ಬಜಪೆ): ಒಬ್ರು ಮನೆಗೆ ಬಂದು ಸಾವಯವ ಸರ್ಟಿಫಿಕೇಟ್ ಮಾಡಿಸಿ ಕೊಡ್ತೇವೆ, ಅದು ಬಂದ್ರೆ 2 ಲಕ್ಷ ಸಬ್ಸಿಡಿ ಗ್ಯಾರಂಟಿ ಅಂತ ಹೇಳಿ 5,000 ತಗೊಂಡು ಹೋದ್ರು. ರಶೀದಿ ಕೊಡ್ಲಿಲ್ಲ. ಎರಡು ತಿಂಗಳಾಯ್ತು.

ಉತ್ತರ: ಮೇಲಿನ ಲೆಕ್ಕ ಎಲ್ಲ ಓದಿದ್ರಲ್ಲ, ಮೂರು ವರ್ಷಕ್ಕೆ ಹೆಕ್ಟೇರಿಗೆ 15,000, ಹೆಚ್ಚೆಂದ್ರೆ 2 ಹೆಕ್ಟೇರ್. ಅದ್ರಲ್ಲಿ 2 ಲಕ್ಷ ಎಲ್ಲಿಂದ ಬರುದು? ಎರೆಗೊಬ್ಬರದ ತೊಟ್ಟಿಗೆ ತೋಟಗಾರಿಕೆ ಇಲಾಖೆಯಲ್ಲಿ ಬೇರೆ ಸಹಾಯಧನ ಉಂಟು, ಅದನ್ನೆಲ್ಲ ಕೂಡಿಸಿದ್ರೂ ಅಲ್ಲಿಗೆ ಮುಟ್ಟುದಿಲ್ಲ. ಪಿಜಿಎಸ್‌ಗೆ ರೈತ ರಿಜಿಸ್ಟರ್ ಆಗ್ಲಿಕ್ಕೆ ಫೀಸು ಇಲ್ಲ. ಕ್ಲಸ್ಟರಲ್ಲಿ ಇದ್ರೆ ಸರ್ಟಿಫಿಕೇಟಿನ ಖರ್ಚು ಯೋಜನೆಯದ್ದೇ. ಮನೆ ಬಾಗಿಲಿಗೆ ಬಂದು ಸರ್ಟಿಫಿಕೇಟ್ ಮಾರುವವರು ಯಾವ ಇಲಾಖೆಯಲ್ಲೂ ಇಲ್ಲ.

ಅವ್ರಿಗೆ ಆಧಾರ್ ಜೆರಾಕ್ಸು, ಪಹಣಿ, ಪಾಸ್‌ಬುಕ್ ಪುಟ ಕೊಟ್ಟಿದ್ದೀರಾ? ಕೊಟ್ಟಿದ್ರೆ ಮೊದ್ಲು ಆಧಾರಿನ ಬಯೋಮೆಟ್ರಿಕ್ ಲಾಕ್ ಮಾಡಿ, ನಿಮ್ಮ ಎಫ್‌ಐಡಿಯಲ್ಲಿ ಮೊಬೈಲ್ ನಂಬರ್ ನಿಮ್ದೇ ಉಂಟಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ನೋಡಿಸಿ, ಓಟಿಪಿ ಕೇಳಿ ಫೋನ್ ಬಂದ್ರೆ ಹೇಳ್ಬೇಡಿ. ಮತ್ತೆ ಅವ್ರಿಗೆ ಒಂದು ಫೋನ್ ಮಾಡಿ ರಶೀದಿ ಕೇಳಿ. ಕೊಡ್ಲಿಕ್ಕಿಲ್ಲ, ಗೊತ್ತು. ಆದ್ರೆ ಕೇಳಿದ ಮೇಲೆ ಪಕ್ಕದ ಮನೆಯ ಗೇಟು ತೆಗೆಯುವಾಗ ಸ್ವಲ್ಪ ಯೋಚನೆ ಮಾಡ್ತಾರೆ.